ಜಡ್ಡಿಯಲ್ಲಿ ಮರ ಎಣಿಸಿದ್ದು

ರಾಂಪತ್ರೆ ಜಡ್ಡಿ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳಿರುವ ಕೆಸರು ಕಾಡು, ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕಡೆ ತೆಗೆದು ನೋಡಿ, ಎಲ್ಲಾ ಒಂದೇ ಹಸಿರು. ಅದರಡಿ ಕೆಸರು ಎಲ್ಲಿದೆ, ಒಣ ನೆಲ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಜಡ್ಡಿ ಮರಗಳ ನಕ್ಷೆ ಮಾಡುವ ಕೆಲಸ ಬಂದಾಗ ನಾನು ಮೊದಲು ಹೋಗಿದ್ದು ಊರಿನ ಹಿರಿಯರ ಜಗುಲಿಗೆ. ಮೇ ತಿಂಗಳಲ್ಲೂ ನೀರಿರುವ ಹಳ್ಳ ಯಾವುದು ಅಂತ ಕೇಳಿದೆ. ಅಜ್ಜ ಒಬ್ಬರು ಕವಳ ಹಾಕುತ್ತಲೇ ಹೇಳಿದರು: "ತಮಾ, ತೋಟದ ಮೇಲಿನ ಜಡ್ಡಿ ಬೇಸಿಗೆಲೂ ಒಣಗ್ತಿಲ್ಲೆ."

ಮಾರನೇ ದಿನ ಹೋದೆ. ಮೊಣಕಾಲು ಮಡಚಿ ಕೂತ ಹಾಗೆ ಬೇರುಗಳು ಕೆಸರಿನಿಂದ ಮೇಲೆದ್ದಿದ್ದವು. ನೀರು ನಿಂತ ಮಣ್ಣಲ್ಲಿ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತದೆ. ಇಂಥ ಜಡ್ಡಿಯಲ್ಲೇ ಇರುವ ಒಂದು ಮರಕ್ಕೆ ಕತ್ತಲೆಕಾನಿನ ಹೆಸರೇ ಇದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ವಿಜ್ಞಾನ ಅದನ್ನು ಹೊಸ ಜಾತಿ ಎಂದು ಹೆಸರಿಸಿದ್ದು 2000ದಲ್ಲಿ. ನಮ್ಮ ಗೇರಿನ ಕುಟುಂಬದ್ದೇ.

ಆ ಮರ ಎಣಿಸುವಾಗ ನಾನು ತಪ್ಪು ಮಾಡಿದೆ. ಒಂದು ಅಳತೆಗಿಂತ ದಪ್ಪ ಇದ್ದ ಮರಗಳನ್ನೆಲ್ಲ ಬಲಿತ ಮರ ಅಂತ ಬರೆದುಕೊಂಡೆ. ಯಾವ ಜಾತಿಗೆ ಅಳಿವಿನ ಅಪಾಯ ಎಷ್ಟು ಅಂತ ದರ್ಜೆ ಕೊಡುವ ಪಟ್ಟಿಯೊಂದಿದೆ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿ. ಅದಕ್ಕೆ ಬೇಕಾದ ಲೆಕ್ಕ ಇದಲ್ಲ. ಅವರು ಕೇಳುವುದು ಸಂತಾನ ಬೆಳೆಸಬಲ್ಲ ಮರ ಎಷ್ಟು ಅಂತ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಜಾಸ್ತಿ ಇದ್ದು ಹೆಣ್ಣು ಕಡಿಮೆ ಇದ್ದರೆ ಲೆಕ್ಕವನ್ನು ಕೆಳಗೆ ಇಳಿಸಬೇಕು ಎನ್ನುತ್ತದೆ ನಿಯಮ. ಸಸಿಗಳು ಬುಡದ ತುಂಬಾ ಚಾಪೆ ಹಾಸಿದ ಹಾಗೆ ಇದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಬರಬಾರದು ಕೂಡ, ಅವುಗಳಲ್ಲಿ ಎಷ್ಟು ಮರವಾಗಿ ನಿಲ್ಲುತ್ತವೆ ಹೇಳಿ? ಹೂ ಬಿಡುವ ಹೊತ್ತಿಗೆ ಕಾದು, ಒಂದೊಂದೇ ಮರದ ಬುಡಕ್ಕೆ ಹೋಗಿ, ಉದುರಿದ ಹೂ ಹೆಕ್ಕಿ ನೋಡಿ ಮತ್ತೆ ಎಣಿಸಿದೆ. ಒಂದು ವರ್ಷ ತಡವಾಯಿತು. ಆದರೆ ಇಲ್ಲಿ ಅಂದಾಜು ನಡೆಯುವುದಿಲ್ಲ. ಬಲಿತ ಮರಗಳು 50ಕ್ಕಿಂತ ಕಡಿಮೆ ಇದ್ದರೆ ಅಳಿವಿನಂಚು, 250ಕ್ಕಿಂತ ಕಡಿಮೆ ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದ ದರ್ಜೆ. ಹತ್ತು ಮರ ಸುಮ್ನೆ ಸೇರಿಸಿದರೂ ದರ್ಜೆ ಬದಲಾಗಿಬಿಡಬಹುದು.

ನಕ್ಷೆಯದ್ದು ಬೇರೆಯೇ ಲೆಕ್ಕ. ನೆಲವನ್ನು 2 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಹಂಚುತ್ತಾರೆ. ಚೌಕದೊಳಗೆ ಒಂದೇ ಮರ ಇದ್ದರೂ 4 ಚದರ ಕಿಲೋಮೀಟರ್ ಪೂರ್ತಿ ಬರೆಯಬೇಕು. ನಾಲ್ಕು ಗುಂಟೆ ಜಡ್ಡಿಗೆ ಇಷ್ಟು ದೊಡ್ಡ ಜಾಗವೇ ಅಂತ ನನಗೂ ಮೊದಲು ಕಸಿವಿಸಿಯಾಗಿತ್ತು. ಎಲ್ಲ ದೇಶದ ಎಲ್ಲ ಜಾತಿಗೂ ಒಂದೇ ಅಳತೆಗೋಲು ಇದ್ದರಷ್ಟೇ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಬಹುದು ಅಂತ ಆಮೇಲೆ ಒಪ್ಪಿಕೊಂಡೆ.

ಕೆಂಪು ಪಟ್ಟಿಯ ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು 'ತಾಣ' ಎಂಬ ಮಾತು. ನಕ್ಷೆಯಲ್ಲಿ ಎರಡು ಜಡ್ಡಿ ದೂರ ದೂರ ಕಾಣುತ್ತಿದ್ದವು. ನಾನು ಎರಡು ತಾಣ ಅಂತ ಬರೆದಿದ್ದೆ. ಹಳ್ಳದ ಗುಂಟ ಮೇಲೆ ನಡೆದಾಗ ಎರಡಕ್ಕೂ ನೀರು ಒಂದೇ ಒರತೆಯಿಂದ ಬರುತ್ತಿರುವುದು ಕಂಡಿತು. ಒರತೆಯ ಬಾಯಿಗೇ ಒಂದು ಕಪ್ಪು ಪೈಪು ಇಟ್ಟಿದ್ದರು, ಕೆಳಗಿನ ಅಡಿಕೆ ತೋಟಕ್ಕೆ. ಒಂದೇ ಹೊಡೆತಕ್ಕೆ ಎಲ್ಲಾ ಮರ ಹೋಗುವುದಾದರೆ ಅದು ಒಂದೇ ತಾಣ, ಮಧ್ಯೆ ಎಷ್ಟು ದೂರ ಇದ್ದರೂ. ಎರಡನ್ನು ಹೊಡೆದು ಒಂದು ಅಂತ ತಿದ್ದಿದೆ. ಪೈಪು ಹಾಕಿದವರನ್ನು ನಾನು ದೂರುವುದಿಲ್ಲ. ಏಪ್ರಿಲ್‌ನಲ್ಲಿ ತೋಟ ಒಣಗುವುದನ್ನು ನೋಡುತ್ತಾ ಕೂರಲು ಯಾರಿಂದ ಆಗುತ್ತದೆ?

ಜಾತಿಗಳ ಹಾಗೆ ಜಡ್ಡಿಯಂಥ ಇಡೀ ಪರಿಸರ ವ್ಯವಸ್ಥೆಗಳಿಗೂ ಕೆಂಪು ಪಟ್ಟಿ ಇದೆ. ಐಯುಸಿಎನ್ ಅದರ ಮಾನದಂಡಗಳನ್ನು ಒಪ್ಪಿದ್ದು 2014ರಲ್ಲಿ. ಅಲ್ಲಿ ಚೌಕ 10 ಕಿಲೋಮೀಟರ್‌ದು, ಕೊನೆಯ ದರ್ಜೆಯ ಹೆಸರು 'ಕುಸಿತ'. ಜಾಗ ಎಷ್ಟು ಉಳಿದಿದೆ ಅಂತ ಮಾತ್ರ ನೋಡುವುದಿಲ್ಲ, ನೀರು ಮಣ್ಣು ಎಷ್ಟು ಕೆಟ್ಟಿದೆ ಅಂತಲೂ ನೋಡುತ್ತಾರೆ. ಜಡ್ಡಿಗೆ ಇದೇ ಸರಿಯಾದ ಅಳತೆ ಅಂತ ನನ್ನ ಅಭಿಪ್ರಾಯ. ನೀರು ಹೋದ ಮೇಲೂ ದೊಡ್ಡ ಮರಗಳು ವರ್ಷಗಟ್ಟಲೆ ನಿಂತೇ ಇರುತ್ತವೆ, ಎಣಿಸಿದರೆ ಲೆಕ್ಕಕ್ಕೆ ಸಿಗುತ್ತವೆ. ಕೆಳಗೆ ಹೊಸ ಸಸಿ ಮಾತ್ರ ಏಳುವುದಿಲ್ಲ.

ಹಾಗಾಗಿ ಈಗ ಮರದ ಜೊತೆ ನೀರನ್ನೂ ಬರೆದಿಡುತ್ತೇನೆ. ಒರತೆಯ ಪಕ್ಕ ಒಂದು ಗೂಟ ಹುಗಿದು ಈ ಮೇ ತಿಂಗಳ ನೀರಿನ ಮಟ್ಟಕ್ಕೆ ಗೀರು ಹಾಕಿ ಬಂದಿದ್ದೇನೆ. ಅಜ್ಜನ ಮೊಮ್ಮಗ ವಾರಕ್ಕೊಮ್ಮೆ ನೋಡಿ ಫೋಟೋ ಕಳಿಸುತ್ತಾನೆ.