ಸಿತ್ತಂಪೂಂಡಿ ಕಲ್ಲು ಮತ್ತು ಹೋಗದ ಹಳದಿ

ಚಂದ್ರನ ನಿಜವಾದ ಕಲ್ಲು ನನ್ನಂಥವರ ಕೈಗೆ ಸಿಗುವ ಮಾತಲ್ಲ. ಅದಕ್ಕೇ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಕಲ್ಲನ್ನು ಹಿಡಿದೆ. ಹೆಸರು ಅನಾರ್ಥೊಸೈಟ್. ಬಿಳಿ ಮೈ, ಅಲ್ಲಲ್ಲಿ ಕಪ್ಪು-ಹಸಿರು ಚುಕ್ಕೆ. ಚಂದ್ರಯಾನ-2ರ ಪರೀಕ್ಷೆಗೆ ಇಸ್ರೊ ಚಂದ್ರನ ಮಣ್ಣಿನ ನಕಲು ಮಾಡಿಕೊಂಡಿದ್ದು ಈ ಸೀಮೆಯ ಕಲ್ಲನ್ನು ಪುಡಿ ಮಾಡಿಯೇ.

ನಾನು ಮಾಡಲು ಹೊರಟಿದ್ದು ಅದರ ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳುವಾದ ಕಲ್ಲಿನ ಪದರ. ವಜ್ರದ ಅಲಗಿನ ಗರಗಸದಲ್ಲಿ ಬಿಲ್ಲೆ ಕೊಯ್ದು, ಒಂದು ಮುಖ ನುಣುಪು ಮಾಡಿ, ಎಪಾಕ್ಸಿ ಹಾಕಿ ಗಾಜಿನ ಸ್ಲೈಡಿಗೆ ಅಂಟಿಸಿದೆ. ಆಮೇಲೆ ಗಾಜಿನ ಹಲಗೆಯ ಮೇಲೆ ನೀರು, ಕಾರ್ಬೊರಂಡಮ್ ಪುಡಿ ಹಾಕಿ ಉಜ್ಜುವುದು. ಮೊದಲು 220 ನಂಬರಿನ ಪುಡಿ, ಆಮೇಲೆ 400, 600, 1000. ನಂಬರ್ ಬದಲಿಸುವಾಗ ಸ್ಲೈಡನ್ನೂ ಕೈಯನ್ನೂ ಚೆನ್ನಾಗಿ ತೊಳೆಯಬೇಕು. ಒರಟು ಪುಡಿಯ ಒಂದು ಕಾಳು ಉಳಿದರೂ ಗೀರು ಗ್ಯಾರಂಟಿ. ಕೊನೆಗೆ ಉಳಿಯಬೇಕಾದ ದಪ್ಪ 0.03 ಮಿಲಿಮೀಟರ್.

ಅಷ್ಟು ತೆಳುವಾಯಿತೋ ಇಲ್ಲವೋ ಎನ್ನುವುದನ್ನು ಪೋಲರೈಸಿಂಗ್ ಮೈಕ್ರೋಸ್ಕೋಪಿನಲ್ಲಿ ಬಣ್ಣ ನೋಡಿ ಹೇಳುತ್ತೇವೆ; ಅದರಲ್ಲಿ ಹರಳಿನ ಬಣ್ಣ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. ನಾನು ಎಡವಿದ್ದು ಇಲ್ಲೇ. ಗ್ರಾನೈಟ್ ಉಜ್ಜಿ ರೂಢಿ ನನಗೆ. ಅದರಲ್ಲಿ ಹಳದಿ ಹೋಗಿ ಬೂದು ಬಂದರೆ ಸರಿಯಾಯಿತು ಅಂತ ಲೆಕ್ಕ. ಇಲ್ಲಿ ಹಳದಿ ಹೋಗಲೇ ಇಲ್ಲ. ಇನ್ನೂ ದಪ್ಪ ಇದೆ ಅಂದುಕೊಂಡು ಉಜ್ಜಿದೆ, ಮತ್ತೆ ಉಜ್ಜಿದೆ. ಅಂಚಿನ ಹರಳುಗಳು ಎದ್ದುಹೋದವು, ನಡುವೆ ತೂತು ಬಿತ್ತು. ಎರಡು ದಿನದ ಕೆಲಸ ಸಿಂಕಿನ ಪಾಲು.

ಲ್ಯಾಬಿನ ಹಿರಿಯರೊಬ್ಬರು ಉಳಿದ ಚೂರು ನೋಡಿ ನಕ್ಕರು. “ಇದು ಗ್ರಾನೈಟ್ ಅಲ್ಲಪ್ಪ. ಕ್ಯಾಲ್ಸಿಯಂ ಜಾಸ್ತಿ ಇರೋ ಪ್ಲಾಜಿಯೋಕ್ಲೇಸ್. ಸರಿ ದಪ್ಪಕ್ಕೆ ಬಂದ್ರೂ ತಿಳಿ ಹಳದಿ ಇರುತ್ತೆ.”

ಚಂದ್ರನ ನಂಟು ಇರುವುದೂ ಆ ಹಳದಿಯಲ್ಲೇ. ಪ್ಲಾಜಿಯೋಕ್ಲೇಸ್ ಅನ್ನೋದು ಕಲ್ಲುಗಳಲ್ಲಿರುವ ಒಂದು ಖನಿಜ; ಗ್ರಾನೈಟಿನದರಲ್ಲಿ ಸೋಡಿಯಂ ಜಾಸ್ತಿ. ಚಂದ್ರನಲ್ಲಿ ಸೋಡಿಯಂಗೇ ಬರ. 1971ರಲ್ಲಿ ಅಪೊಲೊ 15ರವರು ಹೆಕ್ಕಿ ತಂದ ‘ಜೆನೆಸಿಸ್ ರಾಕ್’ ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ತುಂಬಿದ ಪ್ಲಾಜಿಯೋಕ್ಲೇಸೇ. ಹುಟ್ಟಿದ ಹೊಸದರಲ್ಲಿ ಚಂದ್ರನ ಮೈಯೆಲ್ಲ ಕರಗಿದ ಕಲ್ಲಿನ ಕಡಲು. ಅದು ಆರುತ್ತಾ ಭಾರದ ಆಲಿವಿನ್, ಪೈರಾಕ್ಸೀನ್ ಖನಿಜಗಳು ತಳ ಸೇರಿದವು. ಹಗುರ ಪ್ಲಾಜಿಯೋಕ್ಲೇಸ್ ಬೆಣ್ಣೆಯ ಹಾಗೆ ಮೇಲೆ ತೇಲಿತು. ನಮಗೆ ಬೆಳ್ಳಗೆ ಕಾಣುವ ಭಾಗ ಅದೇ. ‘ಮೊಲ’ ಅಂತ ತೋರಿಸುತ್ತೇವಲ್ಲ, ಆ ಕಪ್ಪು ಭಾಗ ಆಮೇಲೆ ಉಕ್ಕಿ ಹರಿದ ಲಾವಾ ಗಟ್ಟಿಯಾದ ಬಸಾಲ್ಟ್ ಕಲ್ಲು. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಇಳಿದ ಜಾಗದ ಮಣ್ಣನ್ನು ಅಳೆದಾಗಲೂ ಅನಾರ್ಥೊಸೈಟಿನ ಗುಣವೇ ಸಿಕ್ಕಿತು.

ಎರಡನೇ ಸ್ಲೈಡನ್ನು ತಿಳಿ ಹಳದಿಗೇ ನಿಲ್ಲಿಸಿದೆ. ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ಇಡುವ ಸ್ಟೇಜ್ ತಿರುಗಿಸಿದರೆ ಹರಳಿನ ಕಪ್ಪು-ಬಿಳಿ ಪಟ್ಟೆಗಳು ಅದಲುಬದಲಾಗುತ್ತವೆ. ಪಕ್ಕಕ್ಕೆ ಸರಿಸಿದೆ. ಹಸಿರು ಖನಿಜ ಹಾರ್ನ್‌ಬ್ಲೆಂಡಿನ ಒಂದು ಕಾಳು. ಅದರ ಒಡಲಲ್ಲಿ ನೀರಿನ ಅಂಶ ಇರುತ್ತದೆ. ಜೆನೆಸಿಸ್ ರಾಕಿನಲ್ಲಿ ಇದು ಸಿಗುವುದಿಲ್ಲ. ವಜ್ರದ ಮೊನೆಯಿಂದ ಸ್ಲೈಡಿನ ಅಂಚಿಗೆ ‘ಸಿತ್ತಂಪೂಂಡಿ-2’ ಎಂದು ಗೀಚಿ ಡಬ್ಬಿಗೆ ಹಾಕಿದೆ.