ಎರಡನೇ ಮಹಾಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕನ ಜಾಡು ಹಿಡಿಯುವುದು ಹೇಗೆ

ಮೊದಲು ಬೇಕಾದದ್ದು ಸೈನಿಕನ ಸರ್ವಿಸ್ ನಂಬರು, ಅಂದರೆ ಸೇನೆ ಅವನಿಗೆ ಕೊಟ್ಟ ಗುರುತಿನ ಸಂಖ್ಯೆ. ಹೆಸರೊಂದನ್ನೇ ನೆಚ್ಚಿಕೊಂಡು ಹೊರಟರೆ ಇನ್ನೊಬ್ಬನ ಬದುಕನ್ನು ಇವನದೆಂದು ಬರೆದುಬಿಡುವ ಅಪಾಯವಿದೆ. ವಿದೇಶದಲ್ಲಿ ಹೂಳಲಾದವರ ಮತ್ತು ಕಾಣೆಯಾದವರ ನಂಬರು, ಹೊರದೇಶಗಳಲ್ಲಿರುವ ಅಮೆರಿಕನ್ ಸೈನಿಕ ಸ್ಮಶಾನಗಳನ್ನು ನೋಡಿಕೊಳ್ಳುವ ಅಮೆರಿಕನ್ ಬ್ಯಾಟಲ್ ಮಾನ್ಯುಮೆಂಟ್ಸ್ ಕಮಿಷನ್‌ನ ಜಾಲತಾಣದಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಅಲ್ಲಿಲ್ಲದಿದ್ದರೆ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಸೇನಾ ಭರ್ತಿ ಪಟ್ಟಿ ನೋಡಿ. 1938ರಿಂದ 1946ರವರೆಗಿನ ಸುಮಾರು 90 ಲಕ್ಷ ನಮೂದುಗಳು ಅದರಲ್ಲಿವೆ. ಪಂಚ್ ಕಾರ್ಡ್‌ಗಳ ಮೈಕ್ರೋಫಿಲ್ಮನ್ನು ಯಂತ್ರದಿಂದ ಓದಿಸಿ ಮಾಡಿದ ಪಟ್ಟಿಯಾದ್ದರಿಂದ ಅಕ್ಷರಗಳು ಎಷ್ಟೋ ಕಡೆ ಕೆಟ್ಟಿವೆ. ಹೆಸರು ಸಿಗದಿದ್ದರೆ ಹುಟ್ಟಿದ ವರ್ಷ, ರಾಜ್ಯ, ಕೌಂಟಿ ಕೊಟ್ಟು ಹುಡುಕಿ. ಅಧಿಕಾರಿಗಳು ಹೆಚ್ಚಾಗಿ ಈ ಪಟ್ಟಿಯಲ್ಲಿಲ್ಲ.

ಭೂಸೇನೆಯ ನಂಬರಿನ ಮೊದಲ ಅಂಕಿಯೇ ಒಂದಿಷ್ಟು ಹೇಳುತ್ತದೆ. 1 ಇದ್ದರೆ ತಾನಾಗಿ ಸೇನೆ ಸೇರಿದವನು, 2 ಇದ್ದರೆ ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನಿಂದ ಬಂದವನು, 3 ಇದ್ದರೆ ಕಡ್ಡಾಯ ಭರ್ತಿಯಲ್ಲಿ ಕರೆಸಿಕೊಂಡವನು.

ಯುದ್ಧಕ್ಕೆ ಮುಂಚಿನ ಬದುಕಿಗೆ 1940ರ ಜನಗಣತಿ ಮತ್ತು ಡ್ರಾಫ್ಟ್ (ಕಡ್ಡಾಯ ಭರ್ತಿ) ನೋಂದಣಿ ಕಾರ್ಡು ಸಾಕು. ಕಾರ್ಡಿನಲ್ಲಿ ಕೆಲಸ ಕೊಟ್ಟವರ ಹೆಸರು, ತನ್ನ ವಿಳಾಸ ಸದಾ ಬಲ್ಲ ಒಬ್ಬರ ಹೆಸರು, ಅವನದೇ ಸಹಿ ಇರುತ್ತವೆ.

ಮುಂದಿನದು ಸೈನಿಕರ ಸೇವಾ ಕಡತಗಳನ್ನು ಇಟ್ಟಿರುವ ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸನಲ್ ರೆಕಾರ್ಡ್ಸ್ ಸೆಂಟರ್. ಅನೇಕರು ಕೈಚೆಲ್ಲುವುದು ಇಲ್ಲೇ. 1973ರ ಜುಲೈ 12ರ ಬೆಂಕಿಯಲ್ಲಿ, 1912ರಿಂದ 1960ರ ನಡುವೆ ಸೇವೆ ಮುಗಿದ ಭೂಸೇನೆಯವರ ಸೇವಾ ಕಡತಗಳಲ್ಲಿ ಶೇ. 80ರಷ್ಟು ಸುಟ್ಟುಹೋದವು. ಯುದ್ಧಕಾಲದ ವಾಯುಪಡೆ ಭೂಸೇನೆಯ ಭಾಗವೇ ಆಗಿದ್ದರಿಂದ ಅದರವರ ಕಡತಗಳೂ ಇದರಲ್ಲಿ ಸೇರಿವೆ. ನೌಕಾಪಡೆ ಮತ್ತು ಮರೀನ್‌ಗಳ ಕಡತ ಉಳಿದಿವೆ. ‘ಸುಟ್ಟಿದೆ’ ಎಂಬ ಉತ್ತರ ಬಂದರೂ ನಿಲ್ಲಿಸಬೇಡಿ. ಅಂತಿಮ ವೇತನದ ವೋಚರು ಇದೆಯೇ ಎಂದು ಕೇಳಿ.

ಅದಕ್ಕಿಂತ ಮುಖ್ಯವಾಗಿ, ಐಡಿಪಿಎಫ್ ಎಂದು ಕರೆಯುವ ಮೃತ ಸೈನಿಕನ ವೈಯಕ್ತಿಕ ಕಡತ ಕೇಳಿ. ಇದು ಆ ಬೆಂಕಿಗೆ ಸಿಕ್ಕಿಲ್ಲ. ಮಡಿದವನ ಬಗ್ಗೆ ಇದಕ್ಕಿಂತ ಒಳ್ಳೆಯ ಕಾಗದ ಬೇರೊಂದಿಲ್ಲ. ಸಾವಿನ ವರದಿ, ಮೊದಲು ಹೂತ ಜಾಗ, ಹಲ್ಲಿನ ನಕ್ಷೆ, ಜೇಬಿನಲ್ಲಿದ್ದ ವಸ್ತುಗಳ ಪಟ್ಟಿ, ಅವನ್ನು ಮನೆಗೆ ಕಳಿಸಿದ ಕ್ಯಾನ್ಸಾಸ್ ಸಿಟಿಯ ಕಚೇರಿಯ ಪತ್ರಗಳು, ಮಗನನ್ನು ಊರಿಗೆ ತರಬೇಕೋ ಅಲ್ಲೇ ಬಿಡಬೇಕೋ ಎಂದು ಮನೆಯವರು ಕೊಟ್ಟ ಉತ್ತರ, ಹೀಗೆ ಹಲವು ಕಾಗದಗಳು ಇದರಲ್ಲಿ ಸಿಗಬಹುದು. ಒಂದು ಗಡಿಯಾರಕ್ಕಾಗಿ ತಾಯಿ ಮತ್ತೆ ಮತ್ತೆ ಬರೆದ ಕಾಗದ ಎದುರಾದರೆ ಆತುರಪಡದೆ ಓದಿ.

ಕೊನೆಯ ದಿನಗಳಿಗೆ ಮಾರ್ನಿಂಗ್ ರಿಪೋರ್ಟ್ ಬೇಕು. ಸೇನೆಯ ಚಿಕ್ಕ ತುಕಡಿಯಾದ ಪ್ರತಿ ಕಂಪನಿಯೂ ದಿನಾ ಬರೆಯುತ್ತಿದ್ದ ಈ ಹಾಳೆಯಲ್ಲಿ ಯಾರು ಬಂದರು, ಯಾರು ಗಾಯಗೊಂಡರು, ಯಾರು ಸತ್ತರು ಎಂಬ ಬದಲಾವಣೆಗಳಷ್ಟೇ ದಾಖಲಾಗುತ್ತವೆ. ಕಂಪನಿಯ ಮೇಲೆ ಜೋಡಿಸಿರುವುದರಿಂದ, ಹಲವು ರೆಜಿಮೆಂಟುಗಳು ಸೇರಿದ ದೊಡ್ಡ ದಳವಾದ ಡಿವಿಷನ್ ಗೊತ್ತಿದ್ದರೆ ಸಾಲದು; ರೆಜಿಮೆಂಟು, ಕಂಪನಿ, ತಿಂಗಳು ಎಲ್ಲವೂ ಬೇಕು. ಕಾಳಗದ ಗಡಿಬಿಡಿಯಲ್ಲಿ ಸಾವು ಹಲವು ದಿನ ತಡವಾಗಿ ಹಾಳೆಗೇರುತ್ತಿತ್ತು, ‘ಕಾಣೆ’ ಎಂದಿದ್ದದ್ದು ಆಮೇಲೆ ‘ಮರಣ’ ಎಂದು ತಿದ್ದುಪಡಿಯಾಗುತ್ತಿತ್ತು. ಹಾಗಾಗಿ ಸತ್ತ ತಾರೀಕಿನ ಮುಂದಿನ ಮೂರು ವಾರಗಳನ್ನೂ ಓದಿ.

ಹಾಗೆಯೇ ಹಿಂದಕ್ಕೂ ಹೋಗಿ, ಅವನು ಆ ಕಂಪನಿಗೆ ಬಂದ ದಿನ ಸಿಗುವವರೆಗೆ. ಅತಿ ಹೆಚ್ಚು ತಪ್ಪು ಆಗುವುದು ಇದನ್ನು ಬಿಟ್ಟಾಗ. ಡಿವಿಷನ್ 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಇಳಿಯಿತು, ಆದ್ದರಿಂದ ಇವನೂ ಇಳಿದ ಎಂದು ಬರೆದುಬಿಡುತ್ತಾರೆ. ಸತ್ತವರ ಜಾಗ ತುಂಬಲು ಆಗಸ್ಟಿನಲ್ಲಿ ಬಂದು ನಾಲ್ಕೇ ದಿನ ಬದುಕಿದ ಹುಡುಗನೂ ಅದೇ ಡಿವಿಷನ್ನಿನವನೇ. ಅವನದಲ್ಲದ ಯುದ್ಧವನ್ನು ಅವನಿಗೆ ಕಟ್ಟಿದರೆ, ಅವನು ನಿಜವಾಗಿ ಪಟ್ಟ ನಾಲ್ಕು ದಿನಗಳ ಪಾಡು ಅಳಿಸಿಹೋಗುತ್ತದೆ.

ವಿಮಾನದಲ್ಲಿ ಮಡಿದವನಾದರೆ ಕಾಣೆಯಾದ ವಿಮಾನ ಸಿಬ್ಬಂದಿಯ ವರದಿ, ಅಂದರೆ ಎಂಎಸಿಆರ್, ಹುಡುಕಿ. ವಿಮಾನದ ಮತ್ತು ಎಂಜಿನ್‌ಗಳ ನಂಬರು, ಸಿಬ್ಬಂದಿ ಪಟ್ಟಿ, ಕೊನೆಗೆ ಕಂಡ ಜಾಗ ಅದರಲ್ಲಿರುತ್ತವೆ. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಹಾರುತ್ತಿದ್ದವರ ಹುಡುಕಾಟಕ್ಕೂ ಇದೇ ಆಧಾರ. ಆದರೆ ಕಮಿಷನ್‌ನ ಖಾಯಂ ಸ್ಮಶಾನ ಭಾರತದಲ್ಲಿಲ್ಲ.

ಗೋರಿಕಲ್ಲನ್ನೂ ಎಚ್ಚರದಿಂದ ಓದಬೇಕು. ಕಮಿಷನ್‌ನ ಕಲ್ಲುಗಳ ಮೇಲೆ ಹುಟ್ಟಿದ ದಿನ ಇರುವುದಿಲ್ಲ. ಕೆತ್ತಿರುವ ರಾಜ್ಯ ಹುಟ್ಟೂರಿನದೇ ಆಗಿರಬೇಕೆಂದಿಲ್ಲ, ಸೇನೆಗೆ ಸೇರಿದ ರಾಜ್ಯವಿರಬಹುದು. ಕಾಣೆಯಾದವನ ಸಾವಿನ ತಾರೀಕು ಕಾಣೆಯಾದ ದಿನಕ್ಕೆ ಸರಿಯಾಗಿ ಒಂದು ವರ್ಷ ಒಂದು ದಿನದ ನಂತರದ್ದಾಗಿದ್ದರೆ, ಅದು ಕಾನೂನು ಊಹಿಸಿಕೊಂಡ ದಿನ. ಭೂಸೇನೆಯ 1946ರ ಮೃತರ ಪಟ್ಟಿಯಲ್ಲಿ ಅಂಥವರ ಮುಂದೆ, ಸತ್ತನೆಂಬ ಅಧಿಕೃತ ತೀರ್ಮಾನ (ಫೈಂಡಿಂಗ್ ಆಫ್ ಡೆತ್) ಎಂಬರ್ಥದಲ್ಲಿ, ‘ಎಫ್‌ಓಡಿ’ ಎಂದಿರುತ್ತದೆ. ಸ್ಮಶಾನದಲ್ಲಿ ಕಾಣೆಯಾದವರ ಹೆಸರು ಕೆತ್ತಿದ ಗೋಡೆಯಲ್ಲಿ ಹೆಸರಿನ ಪಕ್ಕ ಪುಟ್ಟ ಕಂಚಿನ ಹೂವಿದ್ದರೆ ಅವನ ಅವಶೇಷ ಆಮೇಲೆ ಪತ್ತೆಯಾಗಿದೆ ಎಂದರ್ಥ.

ಕುಟುಂಬದವರಿಗೆ ಐಡಿಪಿಎಫ್ ಕೊಡುವಾಗ ದೇಹದ ಸ್ಥಿತಿ ಬಣ್ಣಿಸುವ ಹಾಳೆಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಒಳಗೇನಿದೆಯೆಂದು ಮೇಲೆ ಬರೆದು ಕೊಡಿ. ತೆರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು.