ಹೈಟೆನ್ಷನ್ ಟವರ್‌ಗಳನ್ನು ಕಣ್ತುಂಬ ನೋಡುವ ಬಗೆ

ಬಸ್ಸಿನ ಕಿಟಕಿಯಿಂದ ಹೊಲ, ಕೆರೆ, ಗುಡ್ಡಗಳನ್ನು ಆಸೆಯಿಂದ ನೋಡುವ ನಾವು ಅವುಗಳ ನಡುವೆ ನಿಂತ ಹೈಟೆನ್ಷನ್ ಟವರ್‌ಗಳನ್ನು ನೋಟಕ್ಕೆ ಅಡ್ಡಿಯೆಂದೇ ಎಣಿಸುತ್ತೇವೆ. ಫೋಟೊ ತೆಗೆಯುವಾಗ ಅವು ಚೌಕಟ್ಟಿನೊಳಗೆ ಬಾರದಂತೆ ಪಕ್ಕಕ್ಕೆ ಸರಿಯುತ್ತೇವೆ. ಆದರೆ ಇಷ್ಟು ಕಡಿಮೆ ಉಕ್ಕಿನಿಂದ ಇಷ್ಟು ಎತ್ತರಕ್ಕೆ ಎದ್ದು ನಿಂತ, ಅಲಂಕಾರಕ್ಕೆಂದು ಒಂದು ಪಟ್ಟಿಯನ್ನೂ ಇಟ್ಟುಕೊಳ್ಳದ ರಚನೆ ನಮ್ಮ ಬಯಲಿನಲ್ಲಿ ಬೇರೊಂದು ಸಿಗುವುದು ಕಷ್ಟ. ಅದರ ಪ್ರತಿ ಓರೆಗೂ ಬಾಗಿಗೂ ಒಂದು ಕಾರಣವಿದೆ, ಮತ್ತು ಆ ಕಾರಣ ತಿಳಿದವರ ಕಣ್ಣಿಗೆ ಅದರ ಚೆಲುವು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ. ಹಾಗಾಗಿ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಟವರನ್ನು ಓದಲು ಕಲಿಯುವುದು ಒಳ್ಳೆಯದು.

ಮೊದಲು ತಂತಿಗಳನ್ನು ಎಣಿಸಿ. ವಿದ್ಯುತ್ತು ಮೂರು ಫೇಸ್‌ಗಳಲ್ಲಿ, ಅಂದರೆ ಮೂರು ಬೇರೆ ಬೇರೆ ಹರಿವುಗಳಾಗಿ, ಸಾಗುವುದರಿಂದ ತಂತಿಗಳು ಮೂರರ ಲೆಕ್ಕದಲ್ಲೇ ಇರುತ್ತವೆ: ಒಟ್ಟು ಮೂರಿದ್ದರೆ ಒಂದು ಸರ್ಕಿಟ್, ಎಡಕ್ಕೆ ಮೂರು ಬಲಕ್ಕೆ ಮೂರು ಇದ್ದರೆ ಎರಡು ಸರ್ಕಿಟ್. ಎಲ್ಲಕ್ಕಿಂತ ಮೇಲೆ, ನೆತ್ತಿಯಿಂದ ನೆತ್ತಿಗೆ ಹಾದುಹೋಗುವ ತೆಳುವಾದ ತಂತಿ ನಮ್ಮ ಮನೆಗಳಿಗೆ ಕರೆಂಟ್ ಒಯ್ಯುವುದಿಲ್ಲ. ಸಿಡಿಲನ್ನು ತನ್ನ ಮೇಲೆ ಎಳೆದುಕೊಂಡು ನೆಲಕ್ಕಿಳಿಸುವ ಅರ್ಥ್ ವೈರ್ ಅದು. 400 ಕಿಲೋವೋಲ್ಟ್ ಲೈನ್‌ಗಳಲ್ಲಿ ಒಂದೊಂದು ಫೇಸ್‌ಗೂ ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ತಂತಿಗಳು ಜೊತೆಯಾಗಿ ಸಾಗುತ್ತವೆ, ಮತ್ತು ಅವು ಒಂದಕ್ಕೊಂದು ತಾಗದಂತೆ ನಡುನಡುವೆ ಸ್ಪೇಸರ್‌ಗಳನ್ನು ಕೂಡಿಸಿರುತ್ತಾರೆ. ಸಂಜೆಯ ಆಕಾಶಕ್ಕೆ ಎದುರಾಗಿ ನೋಡಿದರೆ ಈ ಜೋಡಿಗೆರೆಗಳು ಮೈಲಿಗಟ್ಟಲೆ ಅಂತರ ಕೆಡದೆ ಹೋಗುವುದು ಕಾಣುತ್ತದೆ.

ಆಮೇಲೆ ತಂತಿ ಟವರಿನ ತೋಳಿಗೆ ಸೇರುವ ಜಾಗವನ್ನು ಗಮನಿಸಬೇಕು. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಅಲ್ಲಿ ಕರೆಂಟ್ ಟವರಿಗೆ ಹರಿಯದಂತೆ ತಡೆಯುವ ಇನ್ಸುಲೇಟರ್ ಬಿಲ್ಲೆಗಳ ಸರವಿರುತ್ತದೆ. ಹಳೆಯ ಲೈನ್‌ಗಳಲ್ಲಿ ಅವು ಹೊಳಪಿನ ಕಂದು ಬಣ್ಣದ ಪಿಂಗಾಣಿಯವು. ಕೆಲವೆಡೆ ಗಾಜಿನವು, ಬೆಳಕು ಹಾಯ್ದಾಗ ಅವು ತಿಳಿಹಸಿರಾಗಿ ಕಾಣುತ್ತವೆ. ಒಂದು ಬಿಲ್ಲೆ ಸುಮಾರು 25 ಸೆಂಟಿಮೀಟರ್ ಅಗಲವಿರುತ್ತದೆ. ದುರ್ಬೀನು ಹಿಡಿದು ಅವುಗಳನ್ನು ಎಣಿಸಿದರೆ ಲೈನಿನ ವೋಲ್ಟೇಜನ್ನು ಬಹುಮಟ್ಟಿಗೆ ಊಹಿಸಬಹುದು: 66 ಕಿಲೋವೋಲ್ಟ್‌ಗೆ ಐದರ ಆಸುಪಾಸು, 110ಕ್ಕೆ ಏಳು, 220ಕ್ಕೆ ಹದಿಮೂರು ಹದಿನಾಲ್ಕು, 400ಕ್ಕೆ ಇಪ್ಪತ್ತಮೂರರಷ್ಟು. ಈ ಕೊನೆಯ ಸರದ ಉದ್ದ ಮೂರು ಮೀಟರಿಗೂ ಹೆಚ್ಚು. ಇತ್ತೀಚಿನ ಪಾಲಿಮರ್ ಇನ್ಸುಲೇಟರ್‌ಗಳಲ್ಲಿ ಬಿಡಿಬಿಡಿ ಬಿಲ್ಲೆಗಳಿಲ್ಲದ ಕಾರಣ ಈ ಲೆಕ್ಕ ನಡೆಯುವುದಿಲ್ಲ. ಸರ ನೇರವಾಗಿ ಕೆಳಗೆ ಇಳಿಬಿದ್ದಿದ್ದರೆ ಆ ಟವರ್ ತಂತಿಯ ಭಾರವನ್ನಷ್ಟೇ ಹೊತ್ತಿದೆ ಎಂದರ್ಥ. ಸರ ತಂತಿಯ ದಿಕ್ಕಿನಲ್ಲೇ ಅಡ್ಡಲಾಗಿ ಚಾಚಿಕೊಂಡು, ಅದರ ಕೆಳಗೆ ಒಂದು ತುಂಡು ತಂತಿ ಕಮಾನಾಗಿ ಬಾಗಿ ಆಚೆ ಬದಿಗೆ ಕೂಡಿಕೊಂಡಿದ್ದರೆ, ಅದು ತಂತಿಯ ಎಳೆತವನ್ನೇ ತಡೆದು ನಿಲ್ಲಿಸುವ ಟವರ್. ಆ ಕಮಾನಿಗೆ ಜಂಪರ್ ಎನ್ನುತ್ತಾರೆ. ಲೈನ್ ದಿಕ್ಕು ಬದಲಿಸುವ ತಿರುವುಗಳಲ್ಲಿ ಇಂಥ ಟವರ್‌ಗಳೇ ಇರುವುದು. ಅವುಗಳ ಕಾಲು ಹೆಚ್ಚು ಅಗಲ, ಮೈ ಹೆಚ್ಚು ದಪ್ಪ. ದಾರಿಯಲ್ಲಿ ಹೋಗುವಾಗಲೇ ಇವನ್ನು ಬೇರೆಯಾಗಿ ಗುರುತಿಸಲು ಒಮ್ಮೆ ಕಲಿತರೆ, ಇಡೀ ಸಾಲು ಒಂದೇ ಅಚ್ಚಿನದೆಂಬ ಭಾವನೆ ಮತ್ತೆಂದೂ ಬರುವುದಿಲ್ಲ.

ಟವರಿನ ಆಕಾರಕ್ಕೆ ಮುಖ್ಯ ಕಾರಣ ಗಾಳಿ. ತಂತಿಗಳ ಮೇಲೆ ಬೀಸುವ ಗಾಳಿ ತುದಿಯನ್ನು ತಳ್ಳುತ್ತದೆ. ಆ ತಳ್ಳಾಟದ ಪರಿಣಾಮ ಕೆಳಕೆಳಗೆ ಇಳಿದಂತೆ ಬೆಳೆದು ಬುಡದಲ್ಲಿ ಅತಿ ಹೆಚ್ಚಾಗುತ್ತದೆ. ಆದ್ದರಿಂದಲೇ ನಾಲ್ಕು ಕಾಲುಗಳು ಕೆಳಗೆ ಅಗಲಿಸಿ ನಿಂತು ಮೇಲೇರುತ್ತ ಒಂದಕ್ಕೊಂದು ಹತ್ತಿರವಾಗುತ್ತವೆ, ಮತ್ತು ಅವುಗಳ ನಡುವಿನ ಓರೆಪಟ್ಟಿಗಳು ತ್ರಿಕೋನಗಳನ್ನು ಕಟ್ಟುತ್ತ ಹೋಗುತ್ತವೆ, ಏಕೆಂದರೆ ಬದಿಗಳ ಉದ್ದ ಬದಲಾಗದೆ ಆಕಾರ ಕೆಡದಿರುವುದು ತ್ರಿಕೋನ ಮಾತ್ರ. ಬುಡದಲ್ಲಿ ಈ ತ್ರಿಕೋನಗಳು ಆಳೆತ್ತರಕ್ಕೂ ದೊಡ್ಡವು, ಸೊಂಟದ ಬಳಿ ಕಿರಿದು, ನೆತ್ತಿಯಲ್ಲಿ ಇನ್ನೂ ಕಿರಿದು. ಒಂದೇ ವಿನ್ಯಾಸ ಹಂತಹಂತವಾಗಿ ಸಣ್ಣದಾಗುತ್ತ ಹೋಗುವ ಈ ಲಯವನ್ನು ಟವರಿನ ನಾಲ್ಕು ಕಾಲುಗಳ ನಡುವೆ, ಯಾವುದನ್ನೂ ಮುಟ್ಟದೆ ನಿಂತು, ತಲೆಯೆತ್ತಿ ನೋಡಿದಾಗ ಚೌಕದೊಳಗೊಂದು ಚೌಕವಾಗಿ ಕಾಣಬಹುದು.

ತಂತಿಗಳ ಬಾಗು ಬೇರೆಯದೇ ಸೊಗಸು. ಬಾಗಿಲಿಗೆ ಕಟ್ಟಿದ ತೋರಣದ ದಾರ ತನ್ನ ಭಾರಕ್ಕೆ ತಾನೇ ಇಳಿಯುವ ಬಾಗೇ ಇದು. ಯಾರೂ ಎಳೆದು ರೂಪಿಸಿದ್ದಲ್ಲ. 400 ಕಿಲೋವೋಲ್ಟ್ ಲೈನಿನಲ್ಲಿ ಎರಡು ಟವರ್‌ಗಳ ನಡುವೆ ಸಾಮಾನ್ಯವಾಗಿ 400 ಮೀಟರಿನಷ್ಟು ಅಂತರವಿದ್ದು, ಬೇಸಗೆಯಲ್ಲಿ ತಂತಿ ನಡುವಿನಲ್ಲಿ ಹತ್ತು ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಬಿಸಿಯಾದ ಲೋಹ ಹಿಗ್ಗುವುದರಿಂದ ಏಪ್ರಿಲ್ ಮಧ್ಯಾಹ್ನದ ಬಾಗು ಡಿಸೆಂಬರ್ ಮುಂಜಾವಿನ ಬಾಗಿಗಿಂತ ಆಳ. ಈ ತಂತಿಗಳಿಗೆ ಪ್ರಾಣಿಗಳ ಹೆಸರಿಟ್ಟಿರುವುದು ಕೇಳಲು ಹಿತ: ಪ್ಯಾಂಥರ್, ಜೀಬ್ರಾ, ಮೂಸ್. ಮೂಸ್ ಎಂಬುದರಲ್ಲಿ ಏಳು ಉಕ್ಕಿನ ಎಳೆಗಳ ಸುತ್ತ ಐವತ್ತನಾಲ್ಕು ಅಲ್ಯೂಮಿನಿಯಂ ಎಳೆಗಳನ್ನು ಹೊಸೆದಿರುತ್ತಾರೆ. ಉಕ್ಕು ಎಳೆತವನ್ನು ತಾಳುತ್ತದೆ, ಅಲ್ಯೂಮಿನಿಯಂ ಕರೆಂಟ್ ಒಯ್ಯುತ್ತದೆ. ಟವರಿನ ಪಕ್ಕದಲ್ಲೇ ತಂತಿಗೆ ತೂಗುಬಿಟ್ಟ, ಎರಡು ತುದಿಯಲ್ಲೂ ಗುಂಡು ಇರುವ ಪುಟ್ಟ ಡ್ಯಾಂಪರ್‌ಗಳು ಮೆಲುಗಾಳಿಗೆ ತಂತಿ ಸಣ್ಣಗೆ ಕಂಪಿಸಿ ಸವೆಯದಂತೆ ಕಾಯುತ್ತವೆ.

ಎಲ್ಲಿ ನೋಡಬೇಕು ಎಂದರೆ, ಕರ್ನಾಟಕದಲ್ಲಿ ಆಯ್ಕೆಗೆ ಕೊರತೆಯಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಸಿದ ನಾಡು ಇದು; ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ನೂರು ವರ್ಷಗಳ ಬಳಿಕ, 2003ರಲ್ಲಿ, ಒಡಿಶಾದ ತಾಲ್ಚೇರ್‌ನಿಂದ 1,300 ಕಿಲೋಮೀಟರಿಗೂ ಹೆಚ್ಚು ದೂರ ಬಂದ 500 ಕಿಲೋವೋಲ್ಟ್ ಡಿ.ಸಿ. ಲೈನ್ ಸೇರಿದ್ದೂ ಕೋಲಾರವನ್ನೇ. ಇಲ್ಲಿ ಮೂರರ ಲೆಕ್ಕ ತಪ್ಪುತ್ತದೆ: ಏಕಮುಖ ವಿದ್ಯುತ್ತಾದ್ದರಿಂದ ಎಡಕ್ಕೊಂದು ಬಲಕ್ಕೊಂದು ತಂತಿಯ ಕಟ್ಟು ಮಾತ್ರ, ಟವರಿಗೆ ಎರಡೇ ತೋಳು. ಹೀಗೆ ಹಗುರಾದ ಆ ಆಕೃತಿ ಕೋಲಾರದ ಬಂಡೆಗುಡ್ಡಗಳ ಹಿನ್ನೆಲೆಯಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ. ಶರಾವತಿ ಕಣಿವೆಯಿಂದ ಘಟ್ಟವೇರಿ ಬರುವ ಲೈನ್‌ಗಳು ಮಂಜಿನಲ್ಲಿ ಒಂದೊಂದೇ ಟವರಾಗಿ ಕಾಣಿಸಿಕೊಳ್ಳುತ್ತವೆ. ಪಾವಗಡದ ಸೋಲಾರ್ ಪಾರ್ಕಿನ ಸುತ್ತ ಹಲವು ಲೈನ್‌ಗಳು ಬಯಲಿನಲ್ಲಿ ಕೂಡಿ ಅಗಲುತ್ತವೆ. ನಿಮ್ಮ ಊರಿನ ಹತ್ತಿರದ ಲೈನ್ ಎಲ್ಲಿ ಹಾದುಹೋಗಿದೆಯೆಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹುಡುಕಿ, ಅದು ಸಾರ್ವಜನಿಕ ರಸ್ತೆಯನ್ನು ದಾಟುವ ಜಾಗವನ್ನು ಆರಿಸಿಕೊಂಡರೆ ಸಾಕು.

ಹೋಗುವ ಮುನ್ನ ಕೆಲವು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಲೇಬೇಕು. ಟವರನ್ನು ಹತ್ತಬಾರದು, ಮುಟ್ಟಲೂಬಾರದು. ತಂತಿಗಳ ಕೆಳಗೆ ಟ್ರೈಪಾಡ್, ಸೆಲ್ಫಿ ಸ್ಟಿಕ್, ಕೊಡೆ, ಉದ್ದನೆಯ ಕೋಲು ಯಾವುದನ್ನೂ ಮೇಲೆತ್ತಬಾರದು, ಏಕೆಂದರೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ತು ತಂತಿಯನ್ನು ಮುಟ್ಟದಿದ್ದರೂ ಗಾಳಿಯನ್ನು ಹಾಯ್ದು ಬರಬಲ್ಲದು. ಡ್ರೋನ್ ಬೇಡ. ಗುಡುಗು ಮಿಂಚಿನ ಸೂಚನೆ ಇದ್ದರೆ ಆ ದಿನ ಹೊರಡುವುದೇ ಬೇಡ. ವಿದ್ಯುತ್ ಉಪಕೇಂದ್ರ ಮತ್ತು ಉತ್ಪಾದನಾ ಕೇಂದ್ರಗಳ ಫೋಟೊವನ್ನು ಅನುಮತಿಯಿಲ್ಲದೆ ತೆಗೆಯಬಾರದು. ಟವರ್ ನಿಂತಿರುವುದು ಬಹಳ ಸಲ ಒಬ್ಬ ರೈತನ ಹೊಲದಲ್ಲಿ. ಅವರನ್ನು ಕೇಳಿಯೇ ಬದುವಿಗೆ ಕಾಲಿಡಬೇಕು. 220 ಕಿಲೋವೋಲ್ಟ್ ಲೈನಿನ ಕೆಳಗೆ ಸುಮಾರು 35 ಮೀಟರ್ ಅಗಲದ ಪಟ್ಟಿಯಲ್ಲಿ ಎತ್ತರದ ಮರ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ನಾವು ಮೆಚ್ಚುವ ಈ ನೋಟದ ಬೆಲೆಯನ್ನು ಆ ಹೊಲದವರು ತೆತ್ತಿದ್ದಾರೆ ಎಂಬುದು ನೆನಪಿರಲಿ.

ಫೋಟೊಗೆ ಬೆಳಕೇ ಮುಖ್ಯ. ಸೂರ್ಯನಿಗೆ ಎದುರಾಗಿ, ಆಕಾಶವನ್ನು ಹಿನ್ನೆಲೆಯಾಗಿಸಿಕೊಂಡರೆ ಟವರ್ ಮತ್ತು ತಂತಿಗಳು ಕಪ್ಪು ರೇಖಾಚಿತ್ರವಾಗುತ್ತವೆ. ಮೊಬೈಲಿನಲ್ಲಾದರೆ ಆಕಾಶದ ಮೇಲೆ ಬೆರಳೊತ್ತಿ ಬೆಳಕನ್ನು ತಗ್ಗಿಸಬೇಕು. ತಂತಿಗಳ ಹಿಂದೆ ನೆರಳಿನ ಗುಡ್ಡವಿದ್ದು ಇಳಿಬಿಸಿಲು ಎದುರಿನಿಂದ ಓರೆಯಾಗಿ ಬಿದ್ದರೆ ಅವೇ ತಂತಿಗಳು ಬೆಳ್ಳಿಗೆರೆಗಳಾಗಿ ಮಿನುಗುತ್ತವೆ, ಮತ್ತು ಈ ಎರಡನೆಯ ಬಗೆಯ ಚಿತ್ರವೇ ಹೆಚ್ಚು ಅಪರೂಪ. ತಿರುವಿನ ಟವರಿನ ಬಳಿ ಇರುವ ರಸ್ತೆಯಿಂದ ಲೈನಿನ ದಿಕ್ಕಿನಲ್ಲೇ ನೋಡಿ, ಜೂಮ್ ಮಾಡಿದರೆ ದೂರದ ಟವರ್‌ಗಳೆಲ್ಲ ಒಂದರ ಹಿಂದೊಂದು ಒತ್ತಾಗಿ ನಿಲ್ಲುತ್ತವೆ. ಇಡೀ ಟವರನ್ನು ತುಂಬಿಸಲು ಹೆಣಗುವ ಬದಲು ಒಂದು ತೋಳು, ಒಂದು ಸರ, ಒಂದು ಜಂಪರ್ ಇಷ್ಟನ್ನೇ ಆರಿಸಿ ಉಳಿದುದನ್ನು ಆಕಾಶಕ್ಕೆ ಬಿಡುವುದು ಒಳಿತು.

ಆದರೂ ಪೆನ್ಸಿಲ್ ಹಿಡಿದು ಬಿಡಿಸಿದಷ್ಟು ಚೆನ್ನಾಗಿ ಟವರ್ ಯಾವ ಫೋಟೊದಲ್ಲೂ ದಕ್ಕುವುದಿಲ್ಲ. ಮೊದಲು ನಡುವೆ ಒಂದು ನೆಟ್ಟಗಿನ ಗೆರೆ ಎಳೆದು, ಅದರ ಮೇಲೆ ಬುಡ, ಸೊಂಟ, ತೋಳು, ನೆತ್ತಿಗಳ ಎತ್ತರವನ್ನು ಗುರುತು ಮಾಡಿ, ಆಮೇಲೆ ಕಾಲುಗಳನ್ನು, ಕೊನೆಗೆ ಓರೆಪಟ್ಟಿಗಳನ್ನು ತುಂಬಬೇಕು. ಪಟ್ಟಿಯೊಂದು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆಂದು ಹುಡುಕುವಾಗಲೇ ಅದು ಏಕೆ ಅಲ್ಲಿದೆ ಎಂಬುದೂ ಹೊಳೆಯುತ್ತದೆ.

ಚಿತ್ರದ ಪಕ್ಕದಲ್ಲಿ ದಿನ, ಹೊತ್ತು, ಬಿಲ್ಲೆಗಳ ಲೆಕ್ಕ ಇವುಗಳ ಜೊತೆಗೆ ಟವರಿನ ಮೈಮೇಲಿರುವ ಫಲಕದ ಸಂಖ್ಯೆಯನ್ನೂ ಬರೆದುಕೊಳ್ಳಿ. ಮುಂದೆ ಬೇರೆ ಋತುವಿನಲ್ಲಿ ಅದೇ ಟವರಿಗೆ ಮರಳಿ ತಂತಿಯ ಬಾಗನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಮುರಿದ ಬಿಲ್ಲೆಯೋ ಜೋತುಬಿದ್ದ ತಂತಿಯೋ ಕಣ್ಣಿಗೆ ಬಿದ್ದರೆ, ದೂರ ಸರಿದು ನಿಂತು 1912ಕ್ಕೆ ಕರೆ ಮಾಡಿ ಆ ಸಂಖ್ಯೆ ಹೇಳಿದರೆ ಸಿಬ್ಬಂದಿಗೆ ಜಾಗ ಹುಡುಕುವುದು ಸುಲಭವಾಗುತ್ತದೆ.